ಬಾಟಲಿ ನೀರಿನ ಜ್ಞಾನಸ್ನಾನ

ವಾವ ಒಮ್ಮೆ ಕೆಮ್ಮಿದ. ಇನ್ನೊಮ್ಮೆ ಕೆಮ್ಮಲು ಬಾಯಿ ತೆರೆದ. ಕೆಮ್ಮೂ ಬರಲಿಲ್ಲ, ಅಳುವೂ ಬರಲಿಲ್ಲ. ಮುಖ ಮಾತ್ರ ಕೆಂಪಾಗುತ್ತಾ ಹೋಯಿತು.

“ಸುಹಾನಾ, ಇವನಿಗೆ ಎಂತದೋ ಆಗ್ತಾ ಉಂಟು,” ಎಂದಳು ಡೆಲ್ನಾ.

ನೆಲದ ಮೇಲೆ ಕೂತು ಡೆಲ್ನಾಳ ಕ್ರೇಯಾನಿನಲ್ಲಿ ನವಿಲಿಗೆ ಬಣ್ಣ ಹಚ್ಚುತ್ತಿದ್ದ ಪಕ್ಕದ ಮನೆಯ ಸುಹಾನಾ ಎದ್ದು ಬಂದಳು. ಡೆಲ್ನಾಳ ಮೂರು ತಿಂಗಳ ತಮ್ಮ ವಾವ ಚಾಪೆಯ ಮೇಲೆ ಮಲಗಿದ್ದ. ಮೈಮೇಲೆ ಭಾನುವಾರದ ಜ್ಞಾನಸ್ನಾನಕ್ಕೆಂದು ತಂದ ಹೊಸ ಬಿಳಿ ಅಂಗಿ. ಅಳತೆ ಸರಿ ಉಂಟಾ ಎಂದು ನೋಡಲು ಮಮ್ಮಿ ಆಗಷ್ಟೇ ತೊಡಿಸಿದ್ದಳು. ಬಾಯಿಯ ಮೂಲೆಯಲ್ಲಿ ಹಾಲು ಇಳಿಯುತ್ತಿತ್ತು. ಕೈ ಕಾಲು ಕಡ್ಡಿಯ ಹಾಗೆ ಸೆಟೆದಿದ್ದವು.

“ಮಮ್ಮೀ” ಎಂದು ಡೆಲ್ನಾ ಕೂಗಿದಳು. ಮಮ್ಮಿ ಸ್ನಾನಕ್ಕೆ ಹೋಗಿದ್ದಳು. ಬಾತ್‌ರೂಮಿನಲ್ಲಿ ನೀರು ಬೀಳುವ ಸದ್ದಿಗೆ ಯಾವ ಕೂಗೂ ಒಳಗೆ ಹೋಗಲಿಲ್ಲ. ಅಜ್ಜಿ, ಅಂದರೆ ಅಮ್ಮಚ್ಚಿ, ಚರ್ಚು ಗುಡಿಸುವ ಸರದಿ ಇವತ್ತು ನಮ್ಮದು ಎಂದು ಪೊರಕೆ ಹಿಡಿದು ಹೋಗಿದ್ದರು. ಪಪ್ಪ ಕಡಬ ಪೇಟೆಯ ತಮ್ಮ ಟಯರ್ ಅಂಗಡಿಯಲ್ಲಿದ್ದರು.

ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವರು ಮಗುವನ್ನು ಎತ್ತಿಕೊಂಡು ಓಡುತ್ತಾರೆ. ಡೆಲ್ನಾಳಿಗೆ ನೆನಪಾದದ್ದು ಚರ್ಚಿನ ಭಾನುವಾರದ ವೇದಪಾಠ! ವರ್ಷವಿಡೀ ಒಂದು ಪಾಠವೂ ನೆನಪಿಗೆ ಬಾರದ ಹುಡುಗಿಗೆ ಆ ಕ್ಷಣದಲ್ಲಿ ಸಿಸ್ಟರ್ ಲಿಸಿ ಹೇಳಿದ್ದು ಅಕ್ಷರ ಅಕ್ಷರವಾಗಿ ನೆನಪಾಯಿತು. “ಪ್ರಾಣ ಹೋಗುವ ಹಾಗಿದ್ದರೆ ಫಾದರ್ ಬರಲಿ ಅಂತ ಕಾಯಬೇಕಾಗಿಲ್ಲ. ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ತಲೆಗೆ ಮೂರು ಸಲ ನೀರು ಹೊಯ್ದು ಮಂತ್ರ ಹೇಳಿದರೆ ಆಯ್ತು.”

ಪಕ್ಕದಲ್ಲೇ ಡೆಲ್ನಾಳ ಶಾಲೆಯ ನೀರಿನ ಬಾಟಲಿ ಇತ್ತು. ಅವಳು ಮುಚ್ಚಳ ತಿರುಗಿಸಿ ಎಸೆದಳು.

“ವಾವಾ, ಪಿತನ, ಪುತ್ರನ, ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡ್ತೇನೆ,” ಎಂದು ಒಂದೇ ಉಸಿರಿಗೆ ಹೇಳಿ ತಲೆಯ ಮೇಲೆ ಗಳಗಳ ಹೊಯ್ದಳು. ಮೂರನೆಯ ಸಲಕ್ಕೆ ಅರ್ಧ ಬಾಟಲಿಯೇ ಬಿತ್ತು.

ಅಷ್ಟರಲ್ಲಿ ಸುಹಾನಾ ವಾವನನ್ನು ಎತ್ತಿ, ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿಗೆ ಪಟಪಟ ಬಡಿದಳು. ಅವಳ ಮನೆಯಲ್ಲಿ ಅವಳಿಗಿಂತ ಚಿಕ್ಕವರು ಮೂವರು. ಹಾಲು ಕುಡಿದ ಮಗು ಎಂತೆಂಥ ಆಟ ಆಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾವನ ಬಾಯಿಂದ ಒಂದು ಮುದ್ದೆ ಹಾಲು ಹೊರಗೆ ಬಿತ್ತು. ಅದರ ಹಿಂದೆಯೇ ಪಕ್ಕದೂರು ಪಂಜಕ್ಕೂ ಕೇಳಿಸುವಂಥ ಒಂದು ಬೊಬ್ಬೆ ಬಂತು.

ವಾವ ಉಳಿದದ್ದು ಡೆಲ್ನಾಳ ನೀರಿನಿಂದಲೋ ಸುಹಾನಾಳ ಪೆಟ್ಟಿನಿಂದಲೋ ಎಂಬ ವಿಷಯದಲ್ಲಿ ಆ ಇಬ್ಬರಿಗೆ ಇವತ್ತಿನವರೆಗೂ ರಾಜಿ ಆಗಿಲ್ಲ.

ತಲೆಗೆ ಟವೆಲ್ ಸುತ್ತಿಕೊಂಡು ಮಮ್ಮಿ ಓಡಿ ಬಂದಳು. ಒದ್ದೆ ಮಗು, ಒದ್ದೆ ಚಾಪೆ, ಒದ್ದೆ ಅಂಗಿ. ಏನಾಯಿತೆಂದು ಕೇಳಿದಳು. “ಬಾಟಲಿ ಚೆಲ್ಲಿತು ಆಂಟಿ,” ಎಂದುಬಿಟ್ಟಳು ಸುಹಾನಾ. ಅದು ಸುಳ್ಳೂ ಅಲ್ಲ. ಮಮ್ಮಿ ಇಬ್ಬರಿಗೂ ಬೈದು, ವಾವನ ಅಂಗಿ ಬಿಚ್ಚಿ, ಸಾಬೂನು ಹಾಕಿ ತೊಳೆದು ಒಣಗಿಸಿ ಎಂದು ಅವರ ಕೈಗೇ ಕೊಟ್ಟಳು.

ಇಲ್ಲಿ ಒಂದು ಮಾತು ಹೇಳಬೇಕು. ಡೆಲ್ನಾಳ ಅಜ್ಜ ಅಜ್ಜಿ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಅವರ ಮನೆಯಲ್ಲಿ ಕುಡಿಯುವ ನೀರಿಗೆ ಒಂದು ಬಗೆಯ ಕೆಂಪು ಮರದ ಚಕ್ಕೆ ಹಾಕಿ ಕುದಿಸುತ್ತಾರೆ. ಆಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಶಾಲೆಯಲ್ಲಿ ಹೊಸ ಟೀಚರ್ ಬಂದಾಗಲೆಲ್ಲ, “ಬಾಟಲಿಯಲ್ಲಿ ಜ್ಯೂಸ್ ತರಬಾರದು” ಎಂದು ಡೆಲ್ನಾಳಿಗೆ ಬೈಗುಳ ಗ್ಯಾರಂಟಿ.

ಆ ನೀರು ಈಗ ಬಿಳಿ ಅಂಗಿಯ ಕುತ್ತಿಗೆಯ ಬಳಿ ಕೂತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಅದಕ್ಕೆ ಸಾಬೂನು ಹಚ್ಚಿದರು. ತಿಳಿ ಗುಲಾಬಿಯಾಗಿದ್ದ ಕಲೆ ನೇರಳೆಯಾಯಿತು. ಗಾಬರಿಯಾಗಿ ಇನ್ನಷ್ಟು ಸಾಬೂನು ಹಚ್ಚಿದರು. ಇನ್ನಷ್ಟು ನೇರಳೆಯಾಯಿತು.

“ಲಿಂಬೆಹುಳಿ ಹಾಕುವ,” ಎಂದಳು ಸುಹಾನಾ. ಹಾಕಿದರು. ಕಲೆ ಹಳದಿಯಾಯಿತು.

“ಇನ್ನು ಎಂತದೂ ಹಾಕುದು ಬೇಡ,” ಎಂದಳು ಡೆಲ್ನಾ. ಅಂಗಿ ಹಿಂಡಿ ಹಗ್ಗಕ್ಕೆ ಹಾಕಿದರು. ಚರ್ಚಿನಿಂದ ಬಂದ ಅಮ್ಮಚ್ಚಿ ಹಗ್ಗದ ಮೇಲಿನ ಹಳದಿ ಕಲೆ ನೋಡಿದ್ದೇ, ಕಕ್ಕ ಮಾಡಲು ಇವನಿಗೆ ಬೇರೆ ಅಂಗಿ ಸಿಗಲಿಲ್ಲವಾ ಎಂದು ವಾವನಿಗೆ ಬೈದರು. ಕಲೆ ಇದ್ದದ್ದು ಕುತ್ತಿಗೆಯ ಹತ್ತಿರ. ಅಲ್ಲಿಗೆ ಅದು ಹೇಗೆ ಹೋಯಿತು ಎಂದು ಅಮ್ಮಚ್ಚಿ ಯೋಚಿಸಲಿಲ್ಲ, ಮಾತು ಬಾರದ ವಾವ ಸುಮ್ಮನೆ ಬೈಸಿಕೊಂಡ.

ಕಲ್ಲಿನ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಾ ಸುಹಾನಾ ಕೇಳಿದಳು, “ನೀನು ಆಗ ನೀರು ಹೊಯ್ದದ್ದು ಎಂತಕ್ಕೆ?”

ಡೆಲ್ನಾ ವಿವರಿಸಿದಳು.

“ಹಾಗಾದ್ರೆ ಅವನ ಬ್ಯಾಪ್ಟಿಸಂ ಆಯ್ತಾ? ಮತ್ತೆ ಭಾನುವಾರ ಮಾಡುದು ಎಂತದ್ದು?”

ಡೆಲ್ನಾ ತಟ್ಟನೆ ಎದ್ದು ನಿಂತಳು. ಯಾಕೆಂದರೆ ಸಿಸ್ಟರ್ ಲಿಸಿಯ ಪಾಠಕ್ಕೆ ಇನ್ನೊಂದು ಅರ್ಧ ಇತ್ತು. ಅದು ಈಗ ನೆನಪಾಯಿತು. ಜ್ಞಾನಸ್ನಾನ ಒಂದೇ ಸಲ. ಅದು ಅಳಿಸಲಾಗದ ಗುರುತು. ಒಮ್ಮೆ ಆದರೆ ಆ ಮಗು ದೇವರದ್ದು, ಚರ್ಚಿನ ಎಲ್ಲರದ್ದು. ವಾಪಸು ತೆಗೆಯುವ ಕ್ರಮ ಇಲ್ಲ. ಬೇಕೆಂದೇ ಎರಡನೇ ಸಲ ಕೊಟ್ಟರೆ, ಮೊದಲು ಹೇಳಿದ್ದು ನಿನಗೆ ಕೇಳಿಸಲಿಲ್ಲವಾ ಎಂದು ದೇವರನ್ನೇ ಗದರಿಸಿದ ಹಾಗೆ, ಅದು ದೊಡ್ಡ ಪಾಪ ಎಂದಿದ್ದರು ಸಿಸ್ಟರ್.

ಭಾನುವಾರಕ್ಕೆ ಉಳಿದದ್ದು ಐದೇ ದಿನ. ಈ ಭಾನುವಾರ ನಿಗದಿಯಾಗಬೇಕಾದರೆ ಆ ಮನೆಯಲ್ಲಿ ಎಷ್ಟು ಯುದ್ಧ ನಡೆದಿತ್ತು ಎಂದರೆ, ವಾವ ದೊಡ್ಡವನಾದ ಮೇಲೆ ಚರಿತ್ರೆ ಪಾಠದಲ್ಲಿ ಅದನ್ನೇ ಓದಬಹುದಿತ್ತು.

ಮೊದಲನೆಯದು ಜಿಜೋ ಅಂಕಲಿನ ಯುದ್ಧ. ಮಮ್ಮಿಯ ತಮ್ಮ ಜಿಜೋ ಕುವೈಟಿನಲ್ಲಿ ಕೆಲಸಕ್ಕಿದ್ದರು. ವಾವನಿಗೆ ಅವರೇ ಗಾಡ್‌ಫಾದರ್ ಎಂದು ಅವನು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಗಾಡ್‌ಫಾದರನ್ನು ಡೆಲ್ನಾಳ ಮನೆಯ ಮಲಯಾಳದಲ್ಲಿ ತಲತೊಟ್ಟಪ್ಪನ್ ಎನ್ನುತ್ತಾರೆ. ತಲೆ ಮುಟ್ಟಿದ ಅಪ್ಪ ಎಂದು ಅರ್ಥ, ಜ್ಞಾನಸ್ನಾನದ ಹೊತ್ತಿಗೆ ಮಗುವನ್ನು ಎತ್ತಿ ಹಿಡಿಯುವುದು ಅವರೇ. ತಲೆ ಮುಟ್ಟಬೇಕಾದರೆ ಕೈ ಇಲ್ಲಿರಬೇಕು. ಕೈ ಕುವೈಟಿನಲ್ಲಿತ್ತು. ಅಲ್ಲಿಯ ಸಾಹೇಬ ಲೀವ್ ಕೊಡದೆ ಎರಡು ಸಲ ದಿನ ಮುಂದೆ ಹೋಯಿತು.

ಎರಡನೆಯದು ಹೆಸರಿನ ಯುದ್ಧ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರೇ ಆಗಬೇಕು, ತೀರಿಹೋದ ಅಜ್ಜನ ಹೆಸರು ಉಲಹನ್ನಾನ್, ಅದನ್ನೇ ಇಡಬೇಕು ಎಂದು ಅಮ್ಮಚ್ಚಿ. ಆ ಹೆಸರನ್ನು ಶಾಲೆಯಲ್ಲಿ ಟೀಚರ್ ಕರೆಯುವಷ್ಟರಲ್ಲಿ ಪಿರಿಯಡ್ ಮುಗಿಯುತ್ತದೆ, ಏಡನ್ ಎಂದಿರಲಿ ಎಂದು ಮಮ್ಮಿ. ಪಪ್ಪ ಯಾರ ಪಕ್ಷ ಎಂದು ಕೇಳಿದರೆ ಅಂಗಡಿಯಲ್ಲಿ ಪಂಕ್ಚರ್ ಉಂಟು ಎಂದು ಎದ್ದು ಹೋಗುತ್ತಿದ್ದರು. ಹಾಗಾಗಿ ಮಗು ಸದ್ಯಕ್ಕೆ ಬರೀ ವಾವ. ಮಲಯಾಳದಲ್ಲಿ ಎಳೆ ಮಗುವಿಗೆಲ್ಲ ಅದೇ ಹೆಸರು.

ಈ ಎರಡು ಯುದ್ಧದ ನಡುವೆ ಅಮ್ಮಚ್ಚಿಯ ಟೆನ್ಶನ್ ಬೇರೆ. ಜ್ಞಾನಸ್ನಾನ ಆಗದ ಮಗು ಸೀನಿದರೂ ಅಮ್ಮಚ್ಚಿ ಎದೆಯ ಮೇಲೆ ಶಿಲುಬೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಸಿಟ್ಟು ಬಂದು, ಲೀವ್ ಸಿಗುವವರೆಗೆ ನಿನ್ನ ಮುಖ ನೋಡುವುದಿಲ್ಲ ಎಂದು ಕುದುರೆ ಮೇಲೆ ಕೂತ ಸಂತ ಜಾರ್ಜರ ಪಟವನ್ನೇ ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. ಮರುವಾರ ಲೀವ್ ಸಿಕ್ಕಿತು. ಸಂತರು, ಅವರ ಕುದುರೆ ಇಬ್ಬರೂ ಮತ್ತೆ ಈ ಕಡೆ ನೋಡುವಂತಾಯಿತು.

ಈಗ ಎಲ್ಲ ತಯಾರಿತ್ತು. ಚರ್ಚಿನ ಸಭಾಭವನದಲ್ಲಿ ಊಟ, ಕೋಳಿ ಬಿರಿಯಾನಿ, ಊರಿಗೆಲ್ಲ ವಾಟ್ಸಾಪಿನಲ್ಲಿ ಆಮಂತ್ರಣ. ಡೆಲ್ನಾ ಬಾಯಿ ಬಿಟ್ಟರೆ ಎಲ್ಲ ಕ್ಯಾನ್ಸಲ್. ಬಾಯಿ ಬಿಡದಿದ್ದರೆ ಫಾದರ್ ಗೊತ್ತಿಲ್ಲದೆ ಡಬಲ್ ಮಾಡುತ್ತಾರೆ, ಗೊತ್ತಿದ್ದೂ ಸುಮ್ಮನಿದ್ದ ಪಾಪ ನೇರವಾಗಿ ಡೆಲ್ನಾಳ ತಲೆಗೆ.

“ಇನ್ನೊಂದು ಉಂಟು,” ಎಂದಳು ಡೆಲ್ನಾ. “ನಾನು ಅವನಿಗೆ ವಾವ ಅಂತಲೇ ಹೆಸರು ಇಟ್ಟುಬಿಟ್ಟೆ. ಇನ್ನು ಅವನು ಮುದುಕ ಆದ್ರೂ ದೇವರ ಹತ್ತಿರ ವಾವನೇ.”

“ನಮ್ಮಲ್ಲಿ ಏಳನೇ ದಿನಕ್ಕೆ ತಲೆ ಬೋಳಿಸಿ ಹೆಸರಿಟ್ಟು ಮುಗಿಸ್ತಾರೆ,” ಎಂದಳು ಸುಹಾನಾ. “ನಿಮ್ಮದು ಎಂತ ಇಷ್ಟು ಲೇಟ್ ಮಾರಾಯ್ತಿ?”

ಡೆಲ್ನಾ ಸಾಬೂನು ಎತ್ತಿಟ್ಟಳು. ಅವಳ ಹತ್ತಿರ ಇನ್ನೂ ಒಂದು ಗುಟ್ಟು ಇತ್ತು. ಅದನ್ನು ಸುಹಾನಾಳಿಗೂ ಹೇಳಲಿಲ್ಲ.

ವಾವ ಬಂದ ಮೇಲೆ ಡೆಲ್ನಾಳಿಗೆ ಮಮ್ಮಿಯ ಪಕ್ಕದ ಜಾಗ ಹೋಗಿತ್ತು. ಈಗ ಮಲಗುವುದು ಅಮ್ಮಚ್ಚಿಯ ಕೋಣೆಯಲ್ಲಿ, ಅಮ್ಮಚ್ಚಿಯ ಗೊರಕೆಯ ಪಕ್ಕದಲ್ಲಿ. ಸ್ಕೂಲ್ ಡೇಗೆ ಅವಳು ನವಿಲಿನ ಡ್ಯಾನ್ಸ್ ಮಾಡಿದಾಗ ಮಮ್ಮಿ ವಾವನಿಗೆ ಹಾಲು ಕೊಡಲೆಂದು ಹೊರಗೆ ಹೋಗಿದ್ದಳು. ಆ ದಿನದಿಂದ ಡೆಲ್ನಾ ಮಲಗುವ ಮುಂಚಿನ ಪ್ರಾರ್ಥನೆಗೆ ಒಂದು ಸಾಲು ಸೇರಿಸಿದ್ದಳು. “ಯೇಸುವೇ, ಇವನನ್ನು ವಾಪಸು ಪುತ್ತೂರಿಗೆ ಕಳಿಸು.” ವಾವ ಹುಟ್ಟಿದ್ದು ಪುತ್ತೂರಿನ ಆಸ್ಪತ್ರೆಯಲ್ಲಿ. ತಂದಲ್ಲಿಗೇ ಹೋಗಲಿ ಎಂದಷ್ಟೇ ಅವಳ ಲೆಕ್ಕ. ನಿನ್ನೆ ರಾತ್ರಿಯೂ ಹೇಳಿದ್ದಳು. ಇವತ್ತು ವಾವ ಉಸಿರು ಕಟ್ಟಿ ಕೆಂಪಾದ.

ಗುರುವಾರ ಜಿಜೋ ಅಂಕಲ್ ಬಂದರು. ದೊಡ್ಡ ಪೆಟ್ಟಿಗೆ, ಚಾಕಲೇಟಿನ ಚೀಲ, ಹೊಸ ಸೆಂಟಿನ ಪರಿಮಳ. ಡೆಲ್ನಾ ಒಂದು ಚಾಕಲೇಟನ್ನೂ ಮುಟ್ಟಲಿಲ್ಲ. ಮಮ್ಮಿ ಅವಳ ಹಣೆ ಮುಟ್ಟಿ ಜ್ವರ ನೋಡಿದಳು.

ಜಿಜೋ ಅಂಕಲ್ ಕುವೈಟಿನಲ್ಲಿ ಕ್ರೇನ್ ಓಡಿಸುವವರು. ಟನ್‌ಗಟ್ಟಲೆ ಕಬ್ಬಿಣ ಎತ್ತುವ ಆ ಮನುಷ್ಯನಿಗೆ ಮಗುವನ್ನು ಎತ್ತಲು ಭಯ. ಭಾನುವಾರ ಎಲ್ಲರ ಎದುರು ಬೀಳಿಸಿದರೆ ಎಂದು ದಿಂಬಿನಲ್ಲಿ ಪ್ರಾಕ್ಟೀಸ್ ಶುರು ಮಾಡಿದರು. ದಿಂಬನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲಿ ನಿಧಾನವಾಗಿ ನಡೆಯುತ್ತಿದ್ದರು. ನಡುವೆ ನಿಂತು ದಿಂಬಿನ ತಲೆ ಸವರುತ್ತಿದ್ದರು. ಬೇಲಿಯಾಚೆಯಿಂದ ಸುಹಾನಾಳ ಅಜ್ಜಿ ನಫೀಸಮ್ಮ ಅದನ್ನು ತುಂಬಾ ಹೊತ್ತು ನೋಡಿ, ಪಾಪ, ಗಲ್ಫಿನ ಬಿಸಿಲಿಗೆ ಹೀಗಾಗುವುದುಂಟು ಎಂದು ಮೊಮ್ಮಗಳ ಹತ್ತಿರ ಹೇಳಿದರಂತೆ.

ಡೆಲ್ನಾಳಿಗೆ ನಗು ಬರಲಿಲ್ಲ. ದಿಂಬು ಹಿಡಿದ ಅಂಕಲನ್ನು ನೋಡಿದರೆ ಅಳು ಬರುತ್ತಿತ್ತು. ಇಷ್ಟು ದೂರದಿಂದ ಬಂದವರ ಕೆಲಸವನ್ನು ಅವಳು ಅರ್ಧ ಬಾಟಲಿ ನೀರಿನಲ್ಲಿ ಮುಗಿಸಿಬಿಟ್ಟಿದ್ದಳು.

ಶನಿವಾರ ಸಂಜೆ ಅವಳು ಸುಹಾನಾಳ ಕೈ ಹಿಡಿದು ಚರ್ಚಿಗೆ ಹೊರಟಳು. ಉಳಿದ ನೀರಿನ ಸಮೇತ ಎತ್ತಿಟ್ಟಿದ್ದ ಆ ಬಾಟಲಿಯನ್ನೂ ಸುಹಾನಾ ತೆಗೆದುಕೊಂಡಳು, ಪೊಲೀಸರು ಸಾಕ್ಷಿ ಕೇಳುತ್ತಾರೆ, ಫಾದರ್ ಕೂಡ ಕೇಳಬಹುದು ಎಂದು.

ಫಾದರ್ ಸಿರಿಯಕ್ ಚರ್ಚಿನ ಹಿಂದೆ ನೀರಿನ ಪಂಪಿನ ಮೋಟಾರನ್ನು ಬಿಚ್ಚಿ ಹರಡಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಲುಂಗಿ, ಹಳೆಯ ಬನಿಯನ್, ಮೂಗಿನ ಮೇಲೆ ಗ್ರೀಸ್. ಎರಡು ದಿನದಿಂದ ಟ್ಯಾಂಕಿಗೆ ನೀರು ಏರಿರಲಿಲ್ಲ.

“ಫಾದರ್, ಒಂದು ಡೌಟ್ ಉಂಟು,” ಎಂದಳು ಡೆಲ್ನಾ.

“ಮೋಟಾರಿನದ್ದಾ?”

“ಅಲ್ಲ.”

“ಹಾಗಾದ್ರೆ ಕೇಳು. ಮೋಟಾರಿನ ಡೌಟ್ ನನಗೇ ಬೇಕಾದಷ್ಟು ಉಂಟು.”

ಒಬ್ಬಳು ಹುಡುಗಿ ಇದ್ದಾಳೆ, ಯಾರು ಅಂತ ಹೇಳುವುದಿಲ್ಲ, ಅವಳಿಗೆ ಒಬ್ಬ ತಮ್ಮ ಇದ್ದಾನೆ ಎಂದು ಡೆಲ್ನಾ ಶುರು ಮಾಡಿದಳು. “ಇವಳೇ ಫಾದರ್,” ಎಂದಳು ಸುಹಾನಾ. ಆಮೇಲೆ ಕತೆಯನ್ನು ಅಡ್ಡದಾರಿಯಲ್ಲಿ ಹೇಳುವ ಅಗತ್ಯ ಉಳಿಯಲಿಲ್ಲ. ಡೆಲ್ನಾ ಎಲ್ಲ ಹೇಳಿದಳು. ಪೆಟ್ಟು ಹೊಡೆದದ್ದು ತಾನು ಎಂಬುದನ್ನು ಸುಹಾನಾ ನಡುವೆ ಎರಡು ಸಲ ಸೇರಿಸಿದಳು.

ಫಾದರ್ ಸ್ಪ್ಯಾನರ್ ಕೆಳಗಿಟ್ಟರು. ನಗಲಿಲ್ಲ. ಏನೇನು ಹೇಳಿದ್ದು ಎಂದು ಕೇಳಿದರು. ಡೆಲ್ನಾ ಹೇಳಿ ತೋರಿಸಿದಳು. ಸರಿ ಇತ್ತು. ಎಷ್ಟು ಸಲ ಹೊಯ್ದದ್ದು ಎಂದು ಕೇಳಿದರು. ಅದೂ ಸರಿ ಇತ್ತು. ಮಾತು ಮುಂದುವರಿದ ಹಾಗೆ ಫಾದರ್ ತಲೆ ಆಡಿಸುತ್ತಾ ಹೋದರು, ಡೆಲ್ನಾಳ ಮುಖ ಇಳಿಯುತ್ತಾ ಹೋಯಿತು. ಅವಳ ಜೀವನದಲ್ಲಿ ಎಲ್ಲ ಉತ್ತರ ಸರಿಯಾದದ್ದು ಇದೇ ಮೊದಲು, ಅದೂ ಬೇಡದ ಸಮಯದಲ್ಲಿ.

“ನೀರು ಯಾವುದು?”

ಸುಹಾನಾ ಬಾಟಲಿ ಮುಂದೆ ಹಿಡಿದಳು. ಫಾದರ್ ಅದನ್ನು ಬೆಳಕಿಗೆ ಎತ್ತಿ ನೋಡಿದರು. ಒಳಗೆ ಗುಲಾಬಿ ಬಣ್ಣ ತೂಗಾಡಿತು. ಅವರು ಹುಬ್ಬು ಮೇಲೆ ಮಾಡಿದರು.

“ಬಾವಿ ನೀರು ಆಗ್ತದೆ, ಮಳೆ ನೀರು ಆಗ್ತದೆ, ತೋಡಿನ ಕೆಸರು ನೀರೂ ಆಗ್ತದೆ,” ಎಂದರು. “ಚಾ ಆಗುದಿಲ್ಲ. ಸಾರು ಆಗುದಿಲ್ಲ. ಇದನ್ನು ಎಂತ ಹೇಳುದು? ನೀರಾ, ಕಷಾಯವಾ?”

“ನೀರು,” ಎಂದಳು ಡೆಲ್ನಾ.

“ಕಷಾಯ,” ಎಂದಳು ಸುಹಾನಾ.

ಫಾದರ್ ಮುಚ್ಚಳ ತೆಗೆದು ಒಂದು ಗುಟುಕು ಕುಡಿದರು. ಬಾಯಾರಿಕೆಯಾಗಿತ್ತೋ ಏನೋ, ಇನ್ನೆರಡು ಗುಟುಕು ಕುಡಿದರು. ನಾಲ್ಕು ದಿನದ ಹಳೇ ನೀರು ಎಂದು ಹೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ.

“ನನಗೂ ಡೌಟೇ,” ಎಂದರು ಕೊನೆಗೆ. “ಡೌಟ್ ಇದ್ರೆ ಅದಕ್ಕೂ ಚರ್ಚಿನಲ್ಲಿ ದಾರಿ ಉಂಟು. ಎರಡು ಸಾವಿರ ವರ್ಷದಲ್ಲಿ ನಿನ್ನ ಹಾಗಿನವರು ಎಷ್ಟು ಜನ ಬಂದು ಹೋಗಿದ್ದಾರೆ ಅಂತ ಮಾಡಿದ್ದಿ? ‘ನಿನಗೆ ಮೊದಲೇ ಜ್ಞಾನಸ್ನಾನ ಆಗಿರದಿದ್ದರೆ’ ಅಂತ ಒಂದು ಮಾತು ಸೇರಿಸಿ ಕೊಡುದು. ನಿನ್ನದು ಆಗಿದ್ರೆ ನನ್ನದು ಲೆಕ್ಕಕ್ಕಿಲ್ಲ. ನಿನ್ನದು ಆಗಿರದಿದ್ರೆ ನನ್ನದು ಲೆಕ್ಕಕ್ಕೆ. ಯಾವುದು ಅಂತ ಮೇಲಿದ್ದ ಒಬ್ಬರಿಗೆ ಗೊತ್ತು. ಹೆಸರಿನ ಟೆನ್ಶನ್ ನಿನಗೆ ಬೇಡ. ಅದನ್ನು ನಿನ್ನ ಅಪ್ಪ ಅಮ್ಮ ಇಡುದು.”

ಡಬಲ್ ಪಾಪ ಇಲ್ಲ. ಬಿರಿಯಾನಿ ಕ್ಯಾನ್ಸಲ್ ಇಲ್ಲ. ಸುಹಾನಾ ಖುಷಿಯಿಂದ ಡೆಲ್ನಾಳ ಬೆನ್ನಿಗೂ ಒಂದು ಬಡಿದಳು. ಆದರೆ ಡೆಲ್ನಾ ಅಳತೊಡಗಿದಳು. ಸಣ್ಣ ಅಳುವಲ್ಲ, ಮೂಗಿನಿಂದ ನೀರು ಇಳಿಯುವಂಥ ಅಳು.

“ಈಗ ಎಂತಾಯ್ತು?” ಎಂದರು ಫಾದರ್.

“ನಾನೇ ಪ್ರಾರ್ಥನೆ ಮಾಡಿದ್ದು ಫಾದರ್. ಅವನನ್ನು ವಾಪಸು ಪುತ್ತೂರಿಗೆ ಕಳಿಸು ಅಂತ. ದಿನಾ ಮಾಡಿದ್ದು. ಅದಕ್ಕೇ ಅವನಿಗೆ ಉಸಿರು ಕಟ್ಟಿದ್ದು.”

ಫಾದರ್ ಗ್ರೀಸಿನ ಕೈಯಿಂದ ಗಲ್ಲ ಕೆರೆದುಕೊಂಡರು. ಈಗ ಗಲ್ಲಕ್ಕೂ ಗ್ರೀಸ್.

“ನಿನ್ನ ಪ್ರಾರ್ಥನೆಗೆ ಅಷ್ಟು ಪವರ್ ಉಂಟಾ?” ಎಂದರು. “ನಾನು ಎರಡು ದಿನದಿಂದ ಈ ಮೋಟಾರಿಗೆ ಪ್ರಾರ್ಥನೆ ಮಾಡ್ತಾ ಇದ್ದೇನೆ. ನೀನೇ ಒಂದು ಮಾಡಿ ನೋಡುವ.”

ಅವರು ಮೋಟಾರಿನ ತುಂಡುಗಳನ್ನು ಜೋಡಿಸಿ ಬೋಲ್ಟು ಬಿಗಿದರು. ಡೆಲ್ನಾ ಮೂಗು ಒರೆಸಿಕೊಂಡು, ಕಣ್ಣು ಮುಚ್ಚಿ, ಕೈ ಜೋಡಿಸಿ ಪ್ರಾರ್ಥಿಸಿದಳು. ಮನಸ್ಸಿಟ್ಟೇ ಪ್ರಾರ್ಥಿಸಿದಳು. ಫಾದರ್ ಸ್ವಿಚ್ ಒತ್ತಿದರು. ಮೋಟಾರ್ ಒಮ್ಮೆ ಗುರ್ ಎಂದಿತು. ಟಪ್ ಎಂದು ಶಬ್ದವಾಯಿತು. ಚರ್ಚಿನ ಲೈಟು, ಫಾದರ್ ಮನೆಯ ಲೈಟು, ಅಂಗಳದ ಲೈಟು ಎಲ್ಲ ಒಟ್ಟಿಗೆ ಆರಿದವು.

“ನೋಡಿದ್ಯಾ,” ಎಂದರು ಫಾದರ್ ನಸುಗತ್ತಲಿನಲ್ಲಿ.

ಡೆಲ್ನಾಳಿಗೆ ಅಳುವಿನ ಮಧ್ಯದಲ್ಲೇ ನಗು ಬಂತು. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೋದ ಹಾಗಾಯಿತು. ಮೋಟಾರ್ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟವರು ಆ ಚರ್ಚಿನಲ್ಲಿ ಬೇರೆ ಯಾರೂ ಇರಲಾರರು.

“ಆದ್ರೆ ಮನೆಯಲ್ಲಿ ಗೊತ್ತಿಲ್ಲದೆ ನಾಳೆ ನಾನು ಆ ಮಾತು ಸೇರಿಸುದಿಲ್ಲ,” ಎಂದರು ಫಾದರ್. “ನಾನು ಹೇಳುದಾ, ನೀನು ಹೇಳ್ತೀಯಾ?”

ಡೆಲ್ನಾ ತುಂಬಾ ಹೊತ್ತು ಬಾಟಲಿಯ ಮುಚ್ಚಳ ತಿರುಗಿಸಿದಳು. “ನಾನೇ ಹೇಳ್ತೇನೆ,” ಎಂದಳು.

ಹೇಳಿದ್ದು ಊಟದ ಹೊತ್ತಿಗೆ. ಎಲ್ಲರ ಕೈ ಅನ್ನದಲ್ಲಿ ಇರುವಾಗ ಹೇಳಿದರೆ ಬೇಗ ಪೆಟ್ಟು ಬೀಳುವುದಿಲ್ಲ ಎಂಬುದು ಸುಹಾನಾಳ ಐಡಿಯಾ. ಪೆಟ್ಟು ಬೀಳಲೇ ಇಲ್ಲ. ಮಮ್ಮಿಗೆ ಜ್ಞಾನಸ್ನಾನದ ಭಾಗ ಕಿವಿಗೇ ಬೀಳಲಿಲ್ಲ. ಮಗುವಿಗೆ ಉಸಿರು ಕಟ್ಟಿತ್ತು ಎಂಬಲ್ಲಿಗೆ ಅವಳು ಊಟ ಬಿಟ್ಟು ಎದ್ದು, ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ ವಾವನನ್ನು ಎಬ್ಬಿಸಿ ಎದೆಗೆ ಕಿವಿ ಇಟ್ಟಳು. ಆಮೇಲೆ ಬಂದು, ಇಂಥದ್ದನ್ನು ಮುಚ್ಚಿಡುವುದಾ ಎಂದು ಡೆಲ್ನಾಳಿಗೆ ಬೈದಳು. ಬೈಯುತ್ತಲೇ ಎಡಗೈಯಿಂದ ಅವಳನ್ನು ಹತ್ತಿರ ಎಳೆದುಕೊಂಡಳು. ಮೂರು ತಿಂಗಳ ನಂತರ ಮಮ್ಮಿಯ ಮಡಿಲಲ್ಲಿ ಇಬ್ಬರಿಗೆ ಜಾಗ ಆಯಿತು. ಸ್ವಲ್ಪ ಇಕ್ಕಟ್ಟೇ ಇತ್ತು.

ಅಮ್ಮಚ್ಚಿಗಂತೂ ಹಬ್ಬ. ಈ ಮನೆಯಲ್ಲಿ ಬುದ್ಧಿ ಇದ್ದದ್ದು ಒಬ್ಬಳಿಗೆ ಎಂದರು. ಕುವೈಟಿನವರಿಗೆ, ಪಂಕ್ಚರಿನವರಿಗೆ, ಸಂತ ಜಾರ್ಜರಿಗೆ ಯಾರಿಗೂ ಆಗದ ಕೆಲಸವನ್ನು ತನ್ನ ಮೊಮ್ಮಗಳು ಮಾಡಿದ್ದಾಳೆ ಎಂದರು. ಹಳದಿ ಕಲೆಯ ಸಲುವಾಗಿ ವಾವನ ಹತ್ತಿರ ಕ್ಷಮೆಯನ್ನೂ ಕೇಳಿದರು. ಆಮೇಲೆ ಹೆಸರು ಏನಿಟ್ಟೆ ಎಂದು ಆಸೆಯಿಂದ ಕೇಳಿದರು.

“ವಾವ,” ಎಂದಳು ಡೆಲ್ನಾ.

ಮೊದಲು ನಕ್ಕದ್ದು ಪಪ್ಪ, ಅದೂ ಬಾಯಲ್ಲಿ ಅನ್ನ ಇಟ್ಟುಕೊಂಡು. ಆ ನಗುವಿನಲ್ಲೇ ಯುದ್ಧವೂ ಮುಗಿಯಿತು. ಚರ್ಚಿನಲ್ಲಿ ಉಲಹನ್ನಾನ್, ಶಾಲೆಯಲ್ಲಿ ಏಡನ್, ಮನೆಯಲ್ಲಿ ವಾವ ಎಂದು ಒಪ್ಪಂದವಾಯಿತು. ಜಿಜೋ ಅಂಕಲ್ ಮಾತ್ರ ನಗಲಿಲ್ಲ. ಹಾಗಾದರೆ ತಲೆ ಮುಟ್ಟುವ ಕೆಲಸ ನನಗೆ ಉಂಟಾ ಇಲ್ಲವಾ ಎಂದು ಮೆಲ್ಲಗೆ ಕೇಳಿದರು. ಉಂಟು ಎಂದು ಡೆಲ್ನಾ ಹೇಳಿದ ಮೇಲೆ ಎದ್ದು ದಿಂಬು ಹುಡುಕಿಕೊಂಡು ಹೋದರು.

ಭಾನುವಾರ ಚರ್ಚಿನ ಟ್ಯಾಂಕಿನಲ್ಲಿ ತೊಟ್ಟು ನೀರಿರಲಿಲ್ಲ. ಕರೆಂಟು ಬಂದಿತ್ತು, ಮೋಟಾರಿಗೆ ಜೀವ ಬಂದಿರಲಿಲ್ಲ. ಹತ್ತಿರದ ಬಾವಿ ಎಂದರೆ ನಫೀಸಮ್ಮನದ್ದು. ಫಾದರ್ ಫೋನ್ ಮಾಡಿದರು. ಸುಹಾನಾ ಹಬ್ಬದ ಹೊಸ ಬಟ್ಟೆ ಹಾಕಿ, ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿಕೊಂಡು ನೆಟ್ಟಗೆ ಚರ್ಚಿನ ಬಾಗಿಲಿಗೆ ಬಂದಳು.

“ಬಣ್ಣ ಇಲ್ಲದ್ದು ಅಂತ ಹೇಳಿ ಕೊಡು ಅಂದಿದ್ದಾರೆ ಅಜ್ಜಿ,” ಎಂದಳು ಫಾದರಿಗೆ. ಅಷ್ಟರಲ್ಲಿ ಅಮ್ಮಚ್ಚಿ ಬೇಲಿಯಾಚೆಗೆಲ್ಲ ಸುದ್ದಿ ಮುಟ್ಟಿಸಿದ್ದರು. ಫಾದರ್ ಕೊಡಪಾನದೊಳಗೆ ಇಣುಕಿ, ಇದರಲ್ಲಿ ಡೌಟ್ ಇಲ್ಲ ಎಂದರು.

ಅಂಗಿಯ ಹಳದಿ ಕಲೆಯ ಮೇಲೆ ಮಮ್ಮಿ ಒಂದು ರಿಬ್ಬನಿನ ಹೂ ಚುಚ್ಚಿದ್ದಳು. ಗಾಡ್‌ಮದರ್ ಆಗಿ ಅಮ್ಮಚ್ಚಿ ಮೋಂಬತ್ತಿ ಹಿಡಿದು ನಿಂತರು. ಜಿಜೋ ಅಂಕಲ್ ವಾವನನ್ನು ಎತ್ತಿಕೊಂಡು ಜ್ಞಾನಸ್ನಾನದ ತೊಟ್ಟಿಯ ಹತ್ತಿರ ಬಂದರು. ದಿಂಬು ಒದೆಯುತ್ತಿರಲಿಲ್ಲ. ವಾವ ಒದ್ದ. ಅಂಕಲ್ ಹಿಡಿತ ಬದಲಿಸಿದರು. ಮಗುವಿನ ತಲೆ ಒಂದು ಕಡೆಗೆ ವಾಲಿತು.

ಫಾದರ್ ಕನ್ನಡಕದ ಮೇಲಿನಿಂದ ಬೆಂಚುಗಳ ಕಡೆಗೆ ನೋಡಿದರು.

“ತಲೆ ಹಿಡಿಯಲಿಕ್ಕೆ ಒಬ್ಬರು ಬೇಕು. ಡೆಲ್ನಾ, ಬಾ. ನಿನಗೆ ಅಭ್ಯಾಸ ಉಂಟಲ್ಲ.”

ಚರ್ಚಿಡೀ ನಕ್ಕಿತು. ಬಾಗಿಲ ಹತ್ತಿರ ನಿಂತ ಸುಹಾನಾಳದ್ದೇ ಜೋರು ನಗು. ಡೆಲ್ನಾ ಕೆಂಪಾಗಿ ಮುಂದೆ ಬಂದು, ವಾವನ ತಲೆಯ ಕೆಳಗೆ ಎರಡೂ ಕೈ ಇಟ್ಟಳು. ತಲೆ ಬೆಚ್ಚಗಿತ್ತು. ಒಂದು ತೆಂಗಿನಕಾಯಿಯಷ್ಟು ಭಾರ, ಅಷ್ಟೇ. ಆ ದಿನ ಗಾಬರಿಯಲ್ಲಿ ಅವಳಿಗೆ ಇದು ಯಾವುದೂ ಗೊತ್ತಾಗಿರಲಿಲ್ಲ. ವಾವ ಒದೆಯುವುದನ್ನು ನಿಲ್ಲಿಸಿ ಕಣ್ಣು ಅಗಲ ಮಾಡಿ ಅವಳನ್ನು ನೋಡಿದ. ಈ ಮುಖ ಕಂಡರೆ ನೀರು ಬೀಳುತ್ತದೆ ಎಂದು ಅವನಿಗೆ ನೆನಪಿತ್ತೋ ಏನೋ.

ಫಾದರ್ ತಂಬಿಗೆಯಲ್ಲಿ ನೀರು ತೆಗೆದರು. ಹತ್ತಿರ ಇದ್ದವರಿಗೆ ಮಾತ್ರ ಕೇಳುವಂತೆ ದನಿ ತಗ್ಗಿಸಿದರು.

“ಉಲಹನ್ನಾನ್, ನಿನಗೆ ಮೊದಲೇ ಜ್ಞಾನಸ್ನಾನ ಆಗಿರದಿದ್ದರೆ…”

ಆಗಿದೆ, ಎಂದಳು ಡೆಲ್ನಾ ಮನಸ್ಸಿನಲ್ಲೇ.

ನಫೀಸಮ್ಮನ ಬಾವಿಯ ನೀರು ವಾವನ ತಲೆಯಿಂದ ಇಳಿದು ಅವಳ ಬೆರಳುಗಳ ಸಂದಿನಿಂದ ಹರಿಯಿತು. ತಣ್ಣಗಿತ್ತು. ವಾವ ಬಾಯಿ ಅಗಲಿಸಿ, ಬಿರಿಯಾನಿಯ ಸಭಾಭವನಕ್ಕೂ ಕೇಳಿಸುವ ಹಾಗೆ ಬೊಬ್ಬೆ ಹಾಕಿದ. ಅವನ ಉಸಿರು ಎಷ್ಟು ಚೆನ್ನಾಗಿ ಓಡುತ್ತಿದೆ ಎಂದು ಡೆಲ್ನಾ ಕಿವಿಗೊಟ್ಟು ಕೇಳಿದಳು. ಮೋಂಬತ್ತಿ ಹೊತ್ತಿತು, ಎಲ್ಲರೂ ಹಾಡತೊಡಗಿದರು, ಸಾಕು ಬಾ ಎಂದು ಮಮ್ಮಿ ಸನ್ನೆ ಮಾಡಿದಳು. ಡೆಲ್ನಾ ಇನ್ನೂ ಸ್ವಲ್ಪ ಹೊತ್ತು ಆ ಒದ್ದೆ ತಲೆಯನ್ನು ಹಿಡಿದೇ ಇದ್ದಳು. ಇನ್ನು ಪುತ್ತೂರಿನವರೇ ಬಂದು ಕೇಳಿದರೂ ಇವನನ್ನು ಕೊಡುವುದಿಲ್ಲ ಎಂದುಕೊಂಡಳು.